ಪ್ರಶ್ನೋತ್ತರ: ಬಡಾವಣೆಯ ಕಳ್ಳತನ, ಗಸ್ತು ಮತ್ತು ಬೀಟ್ ಪೊಲೀಸ್

ನಾನು ಸಣ್ಣ ನಗರಗಳ ಠಾಣೆಗಳಲ್ಲಿ ಬೀಟ್ ಕೆಲಸ, ಅಪರಾಧ ತಡೆ ಕೆಲಸ ಮಾಡಿದವನು. ಬೀಟ್ ಅಂದ್ರೆ ಗಸ್ತಿಗೆ, ನಿಗಾಕ್ಕೆ ಅಂತ ಪೊಲೀಸರಿಗೆ ಹಂಚಿಕೊಟ್ಟ ಒಂದೊಂದು ಪ್ರದೇಶ. ಈ ವಾರ ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ನಮ್ಮ ಪಕ್ಕದ ಮನೆಯ ಹಿಂಬಾಗಿಲು ಮೀಟಿ ಕಳ್ಳತನ ಮಾಡಿದ್ದಾರೆ. ‘ಒಂದ್ಸಲ ಬಂದ ಮನೆಗೆ ಮತ್ತೆ ಬರಲ್ಲ ಬಿಡಿ’ ಅಂತ ಎಲ್ಲರೂ ಹೇಳ್ತಿದ್ದಾರೆ. ನಿಜವಾ?

ಉತ್ತರ: ಇಲ್ಲ ಮೇಡಂ. ದಯವಿಟ್ಟು ಅದನ್ನು ನಂಬಬೇಡಿ. ಒಮ್ಮೆ ಕಳ್ಳತನವಾದ ಮನೆಗೆ ಮುಂದಿನ ಕೆಲವು ವಾರ ಅಪಾಯ ಜಾಸ್ತಿ. ಯಾವ ಬಾಗಿಲು ಸಡಿಲ, ಯಾವ ಹೊತ್ತಿಗೆ ಮನೆಯಲ್ಲಿ ಯಾರೂ ಇರಲ್ಲ, ಯಾವುದನ್ನು ಬಿಟ್ಟು ಬಂದೆ ಅಂತ ಬಂದವನಿಗೆ ಈಗ ಗೊತ್ತು. ಪಕ್ಕದ ಮನೆಗಳಿಗೂ ಅಪಾಯ ಇದ್ದೇ ಇದೆ, ಅಂದ್ರೆ ನಿಮಗೂ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಕರ್ಕ್‌ಹೋಲ್ಟ್ ಅನ್ನೋ ಬಡಾವಣೆ ಇದೆ. 1980ರ ದಶಕದಲ್ಲಿ ಅಲ್ಲಿ ಮನೆಗಳ್ಳತನ ಮಿತಿಮೀರಿತ್ತು. ಪೊಲೀಸರು ಎಲ್ಲ ಮನೆಗಳನ್ನೂ ಕಾಯೋಕೆ ಹೋಗಲಿಲ್ಲ. ಕಳ್ಳತನ ಆದ ಮನೆಗಳನ್ನು ಮಾತ್ರ ಹಿಡಿದುಕೊಂಡರು. ಅಲ್ಲಿನ ಮನೆಗಳಲ್ಲಿ ನಾಣ್ಯ ಹಾಕಿದರೆ ವಿದ್ಯುತ್, ಗ್ಯಾಸ್ ಬರುವ ಮೀಟರ್‌ಗಳಿದ್ದವು. ಕಳ್ಳರ ಕಣ್ಣು ಆ ನಾಣ್ಯದ ಪೆಟ್ಟಿಗೆ ಮೇಲೆ. ಅವುಗಳನ್ನು ತೆಗೆಸಿದರು, ಬಾಗಿಲು ಕಿಟಕಿ ಭದ್ರ ಮಾಡಿಸಿದರು. ಆ ಮನೆ ಮೇಲೆ ಒಂದು ಕಣ್ಣಿಡಿ ಅಂತ ಸುತ್ತಲಿನ ಐದಾರು ಮನೆಯವರನ್ನು ಕೇಳಿಕೊಂಡರು. ಕೆಲವೇ ತಿಂಗಳಲ್ಲಿ ಇಡೀ ಬಡಾವಣೆಯ ಕಳ್ಳತನ ಅರ್ಧಕ್ಕಿಂತ ಕೆಳಗೆ ಇಳಿಯಿತು.

ನೀವು ಮಾಡಬೇಕಾದ್ದೂ ಇಷ್ಟೇ. ಆ ಹಿಂಬಾಗಿಲನ್ನು ಈ ವಾರವೇ ಸರಿ ಮಾಡಿಸಲಿ. ಬರೀ ಬೀಗ ಬದಲಿಸಿದರೆ ಸಾಲದು. ಚಿಲಕ ಕೂರುವ ಚೌಕಟ್ಟನ್ನು ನೋಡಿ. ಎಷ್ಟೋ ಮನೆಗಳಲ್ಲಿ ಬೀಗ ಗಟ್ಟಿಯಾಗೇ ಇರುತ್ತೆ. ಆದರೆ ಚಿಲಕದ ತಗಡನ್ನು ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಎರಡು ಸ್ಕ್ರೂ ಹಿಡಿದಿರುತ್ತವೆ. ಒಂದು ಕಬ್ಬಿಣದ ಸಲಾಕೆ ಸಾಕು, ಕಿತ್ತು ಬರುತ್ತೆ. ಉದ್ದದ ಸ್ಕ್ರೂ ಹಾಕಿಸಿ. ಅವರು ಊರಿಗೆ ಹೋಗುವ ದಿನ ನಿಮಗೂ ಎದುರು ಮನೆಯವರಿಗೂ ಹೇಳಿ ಹೋಗಲಿ. ಬೀಟ್ ಪೊಲೀಸರಿಗೂ ತಿಳಿಸಲಿ.

ಪ್ರಶ್ನೆ: ನಮ್ಮ ಏರಿಯಾದಲ್ಲಿ ಪೊಲೀಸ್ ಜೀಪ್ ಕಾಣೋದೇ ಅಪರೂಪ. ಗಸ್ತು ವಾಹನ ಜಾಸ್ತಿ ಮಾಡಿದ್ರೆ ಕಳ್ಳತನ ತಾನಾಗೇ ಕಡಿಮೆ ಆಗಲ್ವಾ?

ಉತ್ತರ: ಸುಮ್ನೆ ಸುತ್ತೋ ಜೀಪಿನಿಂದ ಅಷ್ಟೇನೂ ಆಗಲ್ಲ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಇದನ್ನೇ ಪರೀಕ್ಷಿಸಿದರು. ಒಟ್ಟು 15 ಬೀಟ್. ಐದರಲ್ಲಿ ಗಸ್ತು ಎರಡು ಮೂರು ಪಟ್ಟು ಮಾಡಿದರು. ಐದರಲ್ಲಿ ಗಸ್ತನ್ನೇ ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು. ಉಳಿದ ಐದರಲ್ಲಿ ಮೊದಲಿನಂತೆಯೇ ಬಿಟ್ಟರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಜನರ ಭಯವೂ ಹಾಗೇ ಇತ್ತು. ಅಮೆರಿಕದ್ದೇ ನ್ಯೂವರ್ಕ್ ನಗರದಲ್ಲಿ ಆಮೇಲೆ ಕಾಲ್ನಡಿಗೆ ಗಸ್ತು ಹಾಕಿ ನೋಡಿದರು. ಅಪರಾಧ ಅಲ್ಲೂ ಇಳಿಯಲಿಲ್ಲ. ಆದರೆ ಜನ ಗಸ್ತನ್ನು ಗಮನಿಸಿದರು, ಅವರಿಗೆ ಧೈರ್ಯ ಬಂತು.

ಹಾಗಂತ ಗಸ್ತೇ ಬೇಡ ಅಂತಲ್ಲ. ಎಲ್ಲಿ, ಯಾವ ಹೊತ್ತಿಗೆ ಅನ್ನೋದು ಮುಖ್ಯ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ಲೆಕ್ಕ ಹಾಕಿದಾಗ, ಅರ್ಧದಷ್ಟು ಕರೆಗಳು ಶೇ 3ರ ಆಸುಪಾಸಿನ ವಿಳಾಸಗಳಿಂದಲೇ ಬಂದಿದ್ದವು. ಸಣ್ಣ ನಗರದಲ್ಲೂ ಹೀಗೇ ಇರುತ್ತೆ. ಒಂದು ಮೂಲೆ, ಒಂದು ಪಾರ್ಕಿಂಗ್, ಒಂದು ಕತ್ತಲೆ ಓಣಿ. ಆಸ್ಪತ್ರೆಯೊಂದರ ಮುಂದೆ ಬೈಕ್ ಕಳುವು ಜಾಸ್ತಿ ಆದಾಗ ನಾವು ದೂರುಗಳನ್ನೆಲ್ಲ ಹರಡಿಕೊಂಡು ಕೂತೆವು. ಬಹುತೇಕ ಎಲ್ಲವೂ ತುರ್ತು ಚಿಕಿತ್ಸೆಯ ಬಾಗಿಲ ಬಳಿ ಆಗಿದ್ದವು. ರೋಗಿಯನ್ನು ಇಳಿಸುವ ಗಾಬರಿಯಲ್ಲಿ ಜನ ಹ್ಯಾಂಡಲ್ ಲಾಕ್ ಹಾಕದೆ ಒಳಗೆ ಓಡುತ್ತಿದ್ದರು. ಅಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ ಟೋಕನ್ ಕೊಡಿಸಿದೆವು. ಕಳುವು ನಿಂತಿತು. ನೀವೂ ಠಾಣೆಗೆ ಹೋದಾಗ ‘ಗಸ್ತು ಹೆಚ್ಚಿಸಿ’ ಅಂತಷ್ಟೇ ಹೇಳಬೇಡಿ. ಜಾಗ, ದಿನ, ಹೊತ್ತು ಬರೆದುಕೊಂಡು ಹೋಗಿ.

ಪ್ರಶ್ನೆ: ಹೊಸಬರು ಯಾರಾದ್ರೂ ಓಡಾಡಿದ್ರೆ ಫೋಟೊ ತೆಗೆದು ‘ಹುಷಾರ್, ಕಳ್ಳ ಇರಬಹುದು’ ಅಂತ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕ್ತೀವಿ. ಇದು ತಪ್ಪಾ?

ಉತ್ತರ: ತಪ್ಪು, ಅಪಾಯ ಕೂಡ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನೋ ಸುಳ್ಳು ಸಂದೇಶ ನಂಬಿ ಭಾರತದ ಹಲವು ಕಡೆ ಜನ ಅಮಾಯಕರನ್ನು ಹೊಡೆದು ಕೊಂದರು. ಆಮೇಲೆ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಜಾಸ್ತಿ ಕಡೆ ಫಾರ್ವರ್ಡ್ ಮಾಡದಂತೆ ವಾಟ್ಸ್ಆ್ಯಪ್ ಮಿತಿ ಹಾಕಿತು. ಆ ಸತ್ತವರೂ ಯಾವುದೋ ಊರಿನ ಪಾಲಿಗೆ ‘ಹೊಸಬರು’ ಆಗಿದ್ದರು, ಅಷ್ಟೇ. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ಬಟ್ಟೆ, ಬಣ್ಣ, ಭಾಷೆ ನೋಡಿ ಅನುಮಾನ ಪಡಬೇಡಿ. ಮಾಡುತ್ತಿರುವ ಕೆಲಸ ನೋಡಿ. ‘ಒಬ್ಬ ಅಪರಿಚಿತ ತಿರುಗಾಡ್ತಿದ್ದಾನೆ’ ಅಂದ್ರೆ ಪೊಲೀಸರಿಗೆ ಏನೂ ಗೊತ್ತಾಗಲ್ಲ. ‘ನೀಲಿ ಶರ್ಟಿನವನು ಸಾಲಾಗಿ ಮೂರು ಮನೆಯ ಗೇಟ್ ಚಿಲಕ ಅಲುಗಾಡಿಸಿ ನೋಡಿದ, ಈಗ ನೀರಿನ ಟ್ಯಾಂಕ್ ಕಡೆ ನಡೆದು ಹೋಗ್ತಿದ್ದಾನೆ’ ಅಂದ್ರೆ ಬೀಟ್‌ನವರು ತಕ್ಷಣ ಹೊರಡಬಹುದು. ಈ ಮಾತು ಗುಂಪಿಗಲ್ಲ, ನೇರ ಠಾಣೆಗೆ ಹೋಗಬೇಕು. ಹಿಡಿಯೋಕೆ, ತಡೆಯೋಕೆ ನೀವು ಹೋಗಬೇಡಿ.

ಅದೇ ಪ್ರಶ್ನೆಗೆ ಇನ್ನೊಬ್ಬರು: ಮಾಹಿತಿ ಕೊಟ್ಟರೆ ‘ಇವರೇ ಹೇಳಿದ್ದು’ ಅಂತ ಹೊರಗೆ ಗೊತ್ತಾಗುತ್ತಲ್ವಾ ಸರ್?

ಉತ್ತರ: ಈ ಭಯ ನ್ಯಾಯವಾದದ್ದೇ. ಹೆಸರು ಎಲ್ಲೂ ಬರಬಾರದು, ಮನೆಗೆ ಬರಬೇಡಿ ಅಂತ ಮೊದಲೇ ಹೇಳಿ. ಸಮವಸ್ತ್ರದಲ್ಲಿ ಮನೆ ಬಾಗಿಲಿಗೆ ಬಂದು ‘ಫೋನ್ ಮಾಡಿದ್ದು ನೀವೇನಾ’ ಅಂತ ಕೇಳೋ ಪೊಲೀಸ್ ಇಡೀ ಬೀದಿಯ ಬಾಯಿ ಮುಚ್ಚಿಸುತ್ತಾನೆ. ಇದನ್ನು ನಾನು ನಮ್ಮವರಿಗೂ ಹೇಳುತ್ತಲೇ ಇರುತ್ತೇನೆ.

ಪ್ರಶ್ನೆ: ಕ್ಯಾಮೆರಾ ಹಾಕಿಸಿದ್ರೆ ಸಾಕಾ?

ಉತ್ತರ: ಪಾರ್ಕಿಂಗ್ ಜಾಗಗಳಲ್ಲಿ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡುತ್ತೆ. ಬೇರೆ ಕಡೆ ಅಷ್ಟಕ್ಕಷ್ಟೆ. ಸೂರಿನಡಿ ಎತ್ತರದಲ್ಲಿ ಹಾಕಿದರೆ ಟೋಪಿ ಮಾತ್ರ ಕಾಣುತ್ತೆ, ಮುಖ ಕಾಣಲ್ಲ. ಲೆನ್ಸ್ ಮುಂದೆ ಜೇಡರ ಬಲೆ ಕಟ್ಟಿದರೆ ರಾತ್ರಿಯ ದೃಶ್ಯವೆಲ್ಲ ಬರೀ ಬಿಳಿ. ರೆಕಾರ್ಡರ್‌ನ ಗಡಿಯಾರ ಸರಿ ಇದೆಯಾ ಅಂತಲೂ ನೋಡಿ. ಸಮಯ ತಪ್ಪಿದ್ದರೆ ತನಿಖೆಯವರು ಬೇರೆ ಹೊತ್ತಿನ ದೃಶ್ಯ ಹುಡುಕುತ್ತಾ ಕೂರಬೇಕಾಗುತ್ತೆ.

ಪ್ರಶ್ನೆ: ಬೀಟ್ ಪೊಲೀಸ್ ಪರಿಚಯ ಆಗೋ ಹೊತ್ತಿಗೆ ವರ್ಗ ಆಗಿರ್ತಾರೆ. ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕು. ಬೇಸರ ಆಗಿದೆ.

ಉತ್ತರ: ನಿಮ್ಮ ಬೇಸರ ಸರಿ ಇದೆ. ಈ ಕೆಲಸದ ದೊಡ್ಡ ಕೊರತೆಯೇ ಇದು. ಜನರ ನಂಬಿಕೆ ಗಳಿಸೋಕೆ ತಿಂಗಳುಗಟ್ಟಲೆ ಬೇಕು, ಒಂದು ಆದೇಶದಲ್ಲಿ ಅದೆಲ್ಲ ಹೋಗಿಬಿಡುತ್ತೆ. ಬೀಟ್‌ನವರನ್ನು ಪದೇ ಪದೇ ಬದಲಿಸಬೇಡಿ ಅಂತ ಬಡಾವಣೆಯವರೆಲ್ಲ ಸಹಿ ಹಾಕಿ ಠಾಣಾಧಿಕಾರಿಗೆ ಕೊಡಿ. ಬದಲಿಸಲೇಬೇಕಾದರೆ ಹೋಗುವವರು, ಬರುವವರು ಒಂದು ಸಂಜೆ ಒಟ್ಟಿಗೆ ನಿಮ್ಮ ಬೀದಿ ಸುತ್ತಲಿ ಅಂತ ಕೇಳಿ. ನಿಮ್ಮ ಕಡೆಯಿಂದಲೂ ಒಂದು ನೋಟ್‌ಬುಕ್ ಇಡಿ. ಏನಾಯಿತು, ಯಾವಾಗ ಹೇಳಿದಿರಿ, ಏನು ಕ್ರಮ ಆಯಿತು ಅಂತ ದಿನಾಂಕ ಸಮೇತ ಬರೆಯಿರಿ. ಹೊಸಬರು ಬಂದ ದಿನ ಅದರ ಜೆರಾಕ್ಸ್ ಕೊಡಿ.