ಮನೆಯಲ್ಲೇ 42 ಇಂಚಿನ ರಿಯರ್ ಪ್ರೊಜೆಕ್ಷನ್ ಟಿವಿ: 60 ಸೆಂ.ಮೀ. ಆಳದ ಪೆಟ್ಟಿಗೆ ಸಾಕೇ?

ಪ್ರಶ್ನೆ:
ಗುಜರಿಗೆ ಬಿದ್ದಿದ್ದ ಓವರ್‌ಹೆಡ್ ಪ್ರೊಜೆಕ್ಟರೊಂದು ನನ್ನ ಕೈಗೆ ಬಂದಿದ್ದು, ಅದರ ಫ್ರೆನೆಲ್ ಹಾಳೆಗಳು (ಲೆನ್ಸಿನಂತೆ ಬೆಳಕನ್ನು ಬಾಗಿಸುವ, ಉಂಗುರ ಗೆರೆಗಳ ತೆಳು ಪ್ಲಾಸ್ಟಿಕ್ ಹಾಳೆಗಳು) ಗೀರಿಲ್ಲದೆ ಚೆನ್ನಾಗಿವೆ. 7 ಇಂಚಿನ ಎಲ್‌ಸಿಡಿ ಪ್ಯಾನಲ್, 200 ಮಿ.ಮೀ. ಸಂಗಮದೂರದ (ಫೋಕಲ್ ಲೆಂತ್) ಲೆನ್ಸ್ ಹಾಗೂ 100 ವ್ಯಾಟ್ ಎಲ್‌ಇಡಿ ಸೇರಿಸಿ 42 ಇಂಚಿನ ರಿಯರ್ ಪ್ರೊಜೆಕ್ಷನ್ ಟಿವಿ, ಅಂದರೆ ಪರದೆಯ ಹಿಂದಿನಿಂದ ಚಿತ್ರ ಬೀಳಿಸುವ ಟಿವಿ ಮಾಡುವ ಆಸೆಯಿದೆ. ಗೋಡೆಯ ಗೂಡಿನ ಆಳ 60 ಸೆಂ.ಮೀ. ಮಾತ್ರ. ಸಾಧಾರಣ ಕನ್ನಡಿ ಮತ್ತು ಬಟರ್ ಪೇಪರ್ ಪರದೆಯಿಂದ ಕೆಲಸ ನಡೆಯುತ್ತದೆಯೇ? ಪ್ಲೈವುಡ್ ಕೊಯ್ಯಿಸುವ ಮೊದಲು ತಿಳಿದವರು ಹೇಳಬೇಕಾಗಿ ವಿನಂತಿ.

ಮೊದಲ ಉತ್ತರ:
ನಿಮಗೆ ತೊಡಕಾಗುವುದು ಆಳವಲ್ಲ, ಎತ್ತರ. ಚಿತ್ರ 6 ಪಟ್ಟು ಹಿಗ್ಗಬೇಕಾದ್ದರಿಂದ ಲೆನ್ಸಿನಿಂದ ಪರದೆಗೆ ಸಂಗಮದೂರದ 7 ಪಟ್ಟು (6ಕ್ಕೆ ಒಂದು ಕೂಡಿಸಿ), ಅಂದರೆ 1400 ಮಿ.ಮೀ. ದೂರ ಬೇಕು, ಪ್ಯಾನಲ್ ಲೆನ್ಸಿನಿಂದ ಸುಮಾರು 233 ಮಿ.ಮೀ. ಹಿಂದಿರಬೇಕು. ಲೆನ್ಸನ್ನು ಕೆಳಗಿಟ್ಟು, 45 ಡಿಗ್ರಿ ಓರೆಯಾದ ಕನ್ನಡಿಯಿಂದ ಬೆಳಕನ್ನು ಪರದೆಗೆ ತಿರುಗಿಸಿದರೆ ಪೆಟ್ಟಿಗೆಯ ಆಳ 50 ಸೆಂ.ಮೀ. ಒಳಗೇ ಮುಗಿಯುತ್ತದೆ. ಆದರೆ ದೀಪದ ಭಾಗಕ್ಕೆ 30 ಸೆಂ.ಮೀ. ಬಿಟ್ಟರೆ ಪರದೆಯ ನಡುಭಾಗ ನೆಲದಿಂದ 165 ಸೆಂ.ಮೀ. ಮೇಲಿರುತ್ತದೆ, ಕುಳಿತು ನೋಡುವವರ ಕತ್ತು ನೋಯುವುದು ಖಂಡಿತ. 150 ಮಿ.ಮೀ. ಲೆನ್ಸ್ ಹಾಕಿದರೆ ಅದು 125ಕ್ಕೆ ಇಳಿಯುತ್ತದೆ. ಮೂಲೆಗಳು ಇನ್ನಷ್ಟು ಮಂಕಾಗುತ್ತವೆ ಎಂಬುದು ನಿಜ, ಆದರೂ ನಾನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ.

ಹಿಂದಿನಿಂದ ಬಿದ್ದ ಚಿತ್ರ ಮುಂದಿನಿಂದ ನೋಡುವವರಿಗೆ ಎಡಬಲ ಅದಲುಬದಲಾಗಿ ಕಾಣುವುದನ್ನು ಈ ಒಂದು ಕನ್ನಡಿಯೇ ಸರಿಪಡಿಸುತ್ತದೆ.

ಎರಡನೆಯ ಉತ್ತರ:
ಕನ್ನಡಿಯ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಸಾಧಾರಣ ಕನ್ನಡಿಯ ಲೇಪ ಗಾಜಿನ ಹಿಂದಿರುತ್ತದೆ. ಗಾಜಿನ ಮುಂಭಾಗವೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಪ್ರತಿಫಲಿಸುವುದರಿಂದ, 4 ಮಿ.ಮೀ. ದಪ್ಪದ ಗಾಜಿನಲ್ಲಿ ಅಸಲು ಚಿತ್ರದಿಂದ ಸುಮಾರು 3 ಮಿ.ಮೀ. ಸರಿದು ಮಸುಕಾದ ಇನ್ನೊಂದು ಚಿತ್ರ ಮೂಡುತ್ತದೆ. ಸಿನಿಮಾದಲ್ಲಿ ಗಮನಕ್ಕೆ ಬಾರದಿದ್ದರೂ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳಿಗೆ ನೆರಳು ಅಂಟಿಕೊಂಡಿರುತ್ತದೆ. ಮುಂಭಾಗದಲ್ಲೇ ಲೇಪವಿರುವ ಕನ್ನಡಿಯನ್ನೇ ಹುಡುಕಿ.

ಶಾಖವನ್ನೂ ಹಗುರವಾಗಿ ಎಣಿಸಬೇಡಿ. ಪ್ಯಾನಲ್ಲಿಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಮಾತ್ರ ಹಾಯ್ದು ಬರುತ್ತದೆ, ಉಳಿದದ್ದರಲ್ಲಿ ಬಹುಪಾಲು ಅಲ್ಲೇ ಬಿಸಿಯಾಗುತ್ತದೆ. ಫ್ಯಾನ್ ಇಲ್ಲದೆ ಓಡಿಸಿದಾಗ ನನ್ನ ಪ್ಯಾನಲ್ಲಿನ ನಡುವೆ ರೂಪಾಯಿ ನಾಣ್ಯದಷ್ಟು ಕಪ್ಪು ಮಚ್ಚೆ ಎದ್ದು, ಆರಿಸಿ ತಣಿದ ಮೇಲೆ ಮಾಯವಾಯಿತು. ಅದೃಷ್ಟವೆನ್ನಬೇಕು. ಪ್ಯಾನಲ್ಲಿನ ಹಿಂದಿರುವ ಅದರದೇ ದೀಪದ ಪದರವನ್ನು (ಬ್ಯಾಕ್‌ಲೈಟ್) ಬಿಚ್ಚುವಾಗ ರಿಬ್ಬನ್ ಕೇಬಲ್ ಮುರಿಯದಂತೆಯೂ, ಅದರ ಚಿಕ್ಕ ಬೋರ್ಡ್ ಬೆಳಕಿಗೆ ಅಡ್ಡ ಬಾರದಂತೆಯೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಕನ್ನಡಿಯ ಮೇಲೆ ಚಾವಿಯ ತುದಿ ತಾಗಿಸಿ ನೋಡಿದೆ. ತುದಿಗೂ ಪ್ರತಿಬಿಂಬಕ್ಕೂ ನಡುವೆ ಸಂದು ಕಾಣುತ್ತಿದೆ. ಇದು ಹಿಂಭಾಗದ ಲೇಪದ್ದೇ ತಾನೆ? ಪರದೆಯ ವಿಷಯ ಇನ್ನೂ ಉಳಿದಿದೆ.

ಮೂರನೆಯ ಉತ್ತರ:
ಹೌದು, ಮುಂಭಾಗದ ಲೇಪವಾಗಿದ್ದರೆ ಎರಡು ತುದಿಗಳೂ ಒಂದಕ್ಕೊಂದು ತಾಗಿ ಕಾಣುತ್ತಿದ್ದವು.

ಬಟರ್ ಪೇಪರ್ ಪ್ರಯೋಗಕ್ಕೆ ಸಾಕು, ಟಿವಿಗೆ ಸಾಲದು. ಅದು ಬೆಳಕನ್ನು ಸಾಕಷ್ಟು ಚದುರಿಸದ ಕಾರಣ ಲೆನ್ಸಿನ ನೇರಕ್ಕೆ ಬೆಳಕಿನ ಉಂಡೆಯೊಂದು ಕಾಣುತ್ತದೆ, ನೀವು ಕುಳಿತ ಜಾಗ ಬದಲಿಸಿದರೆ ಅದೂ ನಿಮ್ಮೊಂದಿಗೆ ಸರಿಯುತ್ತದೆ. ಕಾರ್ಖಾನೆಯ ಟಿವಿಗಳಲ್ಲಿ ಪರದೆಯ ಹಿಂದೆ ಅದರಷ್ಟೇ ದೊಡ್ಡ ಫ್ರೆನೆಲ್ ಹಾಳೆ ಕಿರಣಗಳನ್ನು ನೇರಗೊಳಿಸುತ್ತದೆ, ಮುಂದಿನ ಗೆರೆಗೆರೆಯ ಹಾಳೆ ಅವನ್ನು ಅಡ್ಡಕ್ಕೆ ಹರಡುತ್ತದೆ. ಪ್ರೊಜೆಕ್ಟರಿನ ಫ್ರೆನೆಲ್ ಇದಕ್ಕೆ ತೀರ ಚಿಕ್ಕದು. ಅದನ್ನು ದೀಪದ ಬಳಿಯೇ ಬಳಸಿ. ಮಿತ್ಸುಬಿಷಿ ಕಂಪನಿಯೂ 2012ರಲ್ಲಿ ಈ ಬಗೆಯ ಟಿವಿಗಳನ್ನು ಕೈಬಿಟ್ಟಿತು, ಹಾಗಾಗಿ ಕೆಟ್ಟುನಿಂತ ಹಳೆಯ ಸೆಟ್ ಎಲ್ಲಾದರೂ ಸಿಕ್ಕರೆ ಪರದೆಯನ್ನೂ ಕನ್ನಡಿಯನ್ನೂ ಒಟ್ಟಿಗೇ ಬಿಚ್ಚಿಕೊಳ್ಳಿ. ಆ ಫ್ರೆನೆಲ್‌ನ ಸಂಗಮದೂರ ನಿಮ್ಮ ಲೆನ್ಸ್‌-ಪರದೆ ದೂರಕ್ಕೆ ಹತ್ತಿರವಿದೆಯೇ ಎಂದು ಬಿಸಿಲಿನಲ್ಲಿ ಅಳೆಯಬಹುದು. ಆದರೆ ಬಿಸಿಲು ಬಿಂದುವಾಗಿ ಕೂಡುವ ಜಾಗದಲ್ಲಿ ಸುಡುವಂಥದ್ದೇನೂ ಇರಬಾರದು, ಅಷ್ಟು ದೊಡ್ಡ ಹಾಳೆ ಕ್ಷಣಮಾತ್ರದಲ್ಲಿ ಮರಕ್ಕೆ ಬೆಂಕಿ ಹೊತ್ತಿಸಬಲ್ಲದು.