ಕೇಳಿದ ಹುಡುಗನಿಗೆ ‘ಸುಮ್ಮನೆ ನಂಬು’ ಎಂದುಬಿಟ್ಟೆ

ಭಾನುವಾರ ಶಾಲೆಯ ಅಕ್ಕ, ವಿಜಯಪುರ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಹನ್ನೊಂದು ವರ್ಷಗಳಿಂದ ನಮ್ಮ ಚರ್ಚಿನ ಭಾನುವಾರ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ದಾವೀದ ಮತ್ತು ಗೊಲ್ಯಾತರ ಕಥೆ, ಬಾಯಿಪಾಠದ ವಚನ, ಕ್ರಿಸ್ಮಸ್ ನಾಟಕ, ಇಷ್ಟರಲ್ಲಿ ನನಗೆ ಎಂದೂ ತೊಡಕಾಗಿರಲಿಲ್ಲ. ಕಳೆದ ತಿಂಗಳು ಆಯಿತು.

ದೊಡ್ಡ ಮಕ್ಕಳ ಗುಂಪಿನಲ್ಲಿ ಪಿಯುಸಿ ಓದುವ ಹುಡುಗನೊಬ್ಬನಿದ್ದಾನೆ. ತಿಕೋಟಾ ಕಡೆಯವನು, ಮನೆಯವರು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ದುಡಿಯುತ್ತಾರೆ. ಅಂದು ಭೌತಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಬಂದಿದ್ದ. ಯೇಸು ಸ್ವಾಮಿಯ ಕಾಲ ಕಳೆದು ಎಷ್ಟು ವರ್ಷಗಳ ಮೇಲೆ ಸತ್ಯವೇದದಲ್ಲಿರುವ ಅವನ ಕಥೆಯನ್ನೆಲ್ಲ ಬರೆದರು? ಯಾವ ಪುಸ್ತಕ ಸತ್ಯವೇದದಲ್ಲಿರಬೇಕು, ಯಾವುದು ಬೇಡ ಎಂದು ಒಬ್ಬ ಚಕ್ರವರ್ತಿ ಸಭೆ ಕರೆದು ತೀರ್ಮಾನಿಸಿದನಂತೆ, ನಿಜವೇ? ಮೂರನೆಯದನ್ನು ಅವನು ತನಗಾಗಿ ಕೇಳಲಿಲ್ಲ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಡಬ್ಬಿಯಲ್ಲಿ ಉಣ್ಣುವ ಮುಸ್ಲಿಂ ಗೆಳೆಯನಿದ್ದಾನೆ. “ಯೇಸು ಶಿಲುಬೆಯ ಮೇಲೆ ಸಾಯಲೇ ಇಲ್ಲ ಎನ್ನುತ್ತಾನೆ ಅವನು. ಏನು ಹೇಳಲಿ ಅಕ್ಕನವರೇ?”

“ದೇವರ ವಿಷಯದಲ್ಲಿ ಹೀಗೆಲ್ಲ ಕೇಳಬಾರದು, ಸುಮ್ಮನೆ ನಂಬು” ಎಂದೆ. ಉಳಿದ ಮಕ್ಕಳು ನಕ್ಕರು. ಅವನು ಪುಸ್ತಕ ಮುಚ್ಚಿ ಕುಳಿತ. ಅಂದಿನಿಂದ ಬಂದಿಲ್ಲ.

ನನಗೆ ಉತ್ತರ ಗೊತ್ತಿರಲಿಲ್ಲ, ನಿಜವಾದ ಕಾರಣ ಅಷ್ಟೇ. ನಮ್ಮ ಹಿರಿಯರಲ್ಲಿ ಕೆಲವರು “ನಂಬಿಕೆ ಇದ್ದಲ್ಲಿ ತರ್ಕಕ್ಕೆ ಏನು ಕೆಲಸ?” ಎನ್ನುತ್ತಾರೆ. ಆ ಮಾತು ಈಗ ನನ್ನನ್ನು ಸಮಾಧಾನ ಮಾಡುತ್ತಿಲ್ಲ. ದೈವಶಾಸ್ತ್ರದ ಕಾಲೇಜಿನ ಮೆಟ್ಟಿಲು ಹತ್ತದ ನನ್ನಂಥವರು ಕಾರಣ ಕೊಟ್ಟು ಮಾತನಾಡಲು ಕಲಿಯಬೇಕೇ? ಕಲಿಯುವುದಾದರೆ ಎಲ್ಲಿಂದ?

ಗುಳೇದಗುಡ್ಡದ ಹಿರಿಯ

ತಂಗಿ, ನನಗೆ ಎಪ್ಪತ್ತಮೂರು ವರ್ಷ. ನಮ್ಮ ತಾಯಿ ಖಣ ನೇಯುತ್ತಿದ್ದಳು, ಅಕ್ಷರ ಬರುತ್ತಿರಲಿಲ್ಲ. 1972ರ ಬರಗಾಲದಲ್ಲಿ ಮಗ್ಗ ನಿಂತು, ಮನೆಯಲ್ಲಿ ಜೋಳ ತೀರಿತ್ತು. ಆಗಲೂ ಸಂಜೆಯ ಪ್ರಾರ್ಥನೆಗೆ ನಮ್ಮನ್ನು ಕೂರಿಸದೆ ಬಿಟ್ಟವಳಲ್ಲ. ಆ ನಂಬಿಕೆಯನ್ನು ಯಾವ ವಾದವೂ ಕಟ್ಟಿರಲಿಲ್ಲ. ವಾದ ಕಲಿತ ಮಕ್ಕಳಿಗೆ ಸೊಕ್ಕು ಬರುತ್ತದೆ ಎಂಬ ಅಂಜಿಕೆ ನನಗಿದೆ. ಚಹಾದಂಗಡಿಯಲ್ಲಿ ಆರಂಭವಾದ ಧರ್ಮದ ಮಾತು ಊರ ಜಗಳವಾದದ್ದನ್ನೂ ಕಂಡಿದ್ದೇನೆ.

ಆದರೆ ಹುಡುಗನನ್ನು ಗದರಿಸಿದ್ದು ಸರಿಯಲ್ಲ. ಸ್ನಾನಿಕನಾದ ಯೋಹಾನನು ಸೆರೆಮನೆಯಿಂದ ಶಿಷ್ಯರನ್ನು ಕಳುಹಿಸಿ, ಬರಬೇಕಾದವನು ನೀನೋ, ಅಥವಾ ಬೇರೊಬ್ಬನ ದಾರಿ ನೋಡಬೇಕೋ ಎಂದು ಕೇಳಿದಾಗ ಸ್ವಾಮಿ ಸಿಟ್ಟಾಗಲಿಲ್ಲ. ನೀವು ಕಂಡದ್ದನ್ನೂ ಕೇಳಿದ್ದನ್ನೂ ಹೋಗಿ ಹೇಳಿರಿ ಎಂದನು. ಮೊದಲು ಆ ಹುಡುಗನ ಮನೆಗೆ ಹೋಗು.

ಜಮಖಂಡಿಯ ವಕೀಲ

ಅಕ್ಕನವರೇ, ಇಪ್ಪತ್ತೆರಡು ವರ್ಷ ವಕಾಲತ್ತು ಮಾಡಿದವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸತ್ಯವೇದದಲ್ಲಿ ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರಿಕೆಯ 3:15 ತೆಗೆಯಿರಿ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎಂದಿದೆ. ಅಲ್ಲಿ ‘ಉತ್ತರ’ಕ್ಕಿರುವ ಗ್ರೀಕ್ ಪದ ಅಪೊಲೊಗಿಯ. ಆಪಾದಿತನು ನ್ಯಾಯಸ್ಥಾನದ ಮುಂದೆ ತನ್ನ ಪರವಾಗಿ ಆಡುವ ಮಾತಿಗೆ ಆ ಹೆಸರು. ಈ ಪತ್ರ ಬಂದದ್ದು ಸಭಾಪಾಲಕರಿಗೆ ಮಾತ್ರವಲ್ಲ. ಮನೆಯಾಳುಗಳನ್ನೂ ಹೆಂಡಂದಿರನ್ನೂ ಅದರಲ್ಲಿ ನೇರವಾಗಿ ಕರೆದು ಮಾತನಾಡಿಸಲಾಗಿದೆ. ಭಾನುವಾರ ಶಾಲೆಯ ಅಕ್ಕನವರು ಅದರಿಂದ ಹೊರಗಿಲ್ಲ.

ಹಿರಿಯರೇ, ನಿಮ್ಮ ತಾಯಿಯ ನಂಬಿಕೆಗೆ ಕೈಮುಗಿಯುತ್ತೇನೆ. ಆದರೆ “ಅವ್ವಾ, ಯಾಕೆ ನಂಬುತ್ತೀ?” ಎಂದು ನೀವು ಕೇಳಿದ್ದರೆ ಆ ಬರಗಾಲದ ದಿನಗಳನ್ನು ತಾನು ಹೇಗೆ ದಾಟಿದೆ ಎಂದು ಅವರು ಹೇಳುತ್ತಿದ್ದರಲ್ಲವೇ? ಅದು ಪ್ರತ್ಯಕ್ಷ ಸಾಕ್ಷಿಯ ಹೇಳಿಕೆ. ತಾಯಿಯ ಬಳಿ ಆಧಾರವಿತ್ತು, ಕೇಳುವವರು ಇರಲಿಲ್ಲ. ಈಗ ಕೇಳುವವರು ಬಂದಿದ್ದಾರೆ.

ಹುಡುಗನ ಮೊದಲ ಪ್ರಶ್ನೆಗೆ ಅಪೊಸ್ತಲ ಪೌಲನ ಪತ್ರಗಳಿಂದ ಆರಂಭಿಸಿರಿ. ಶಿಲುಬೆಯ ಘಟನೆ ಕ್ರಿ.ಶ. 30 ಅಥವಾ 33ರ ಸುಮಾರಿಗೆ ನಡೆಯಿತು. ಅವನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಮೊದಲನೆಯ ಪತ್ರಿಕೆ ಬರೆದದ್ದು 55ರ ಸುಮಾರಿಗೆ. ಅದರ 15ನೆಯ ಅಧ್ಯಾಯದಲ್ಲಿ ಪೌಲನು ತಾನು ಇತರರಿಂದ ಪಡೆದುಕೊಂಡದ್ದನ್ನು ಒಪ್ಪಿಸುತ್ತಾ, ಎದ್ದು ಬಂದ ಕ್ರಿಸ್ತನನ್ನು ಕಂಡವರ ಪಟ್ಟಿ ಕೊಡುತ್ತಾನೆ. ಐನೂರಕ್ಕೂ ಹೆಚ್ಚು ಮಂದಿ ಒಮ್ಮೆಗೇ ಕಂಡರು, ಬಹಳ ಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಪಾಟೀಸವಾಲಿಗೆ ಹೆದರುವವನು ಸಾಕ್ಷಿಗಳು ಬದುಕಿದ್ದಾರೆ ಎಂದು ಬರೆದುಕೊಡುವುದಿಲ್ಲ. ಇಪ್ಪತ್ತೈದು ವರ್ಷ ಎಂದರೆ ಎಷ್ಟು? ಅದಕ್ಕಿಂತ ಹಳೆಯ ಬದುವಿನ ಜಗಳಕ್ಕೆ ನಮ್ಮಲ್ಲಿ ಇಂದಿಗೂ ಮುದುಕರು ಬಂದು ಸಾಕ್ಷಿ ನುಡಿಯುತ್ತಾರೆ.

ಇನ್ನೊಂದು. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿದ್ದ ಕಾಲವದು. ಆದರೂ ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿಯೂ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರೇ. ಕಥೆ ಕಟ್ಟುವವನು ಇಂಥ ಸಾಕ್ಷಿಯನ್ನು ಮುಂದೆ ನಿಲ್ಲಿಸುವುದಿಲ್ಲ. ಎಷ್ಟು ಮಂದಿ ಹೆಂಗಸರು ಹೋಗಿದ್ದರು ಎಂಬಲ್ಲಿ ನಾಲ್ಕೂ ಒಂದೇ ಮಾತು ಹೇಳುವುದಿಲ್ಲ ನಿಜ. ನಾಲ್ವರು ಅಕ್ಷರ ತಪ್ಪದೆ ಒಂದೇ ಮಾತು ಒಪ್ಪಿಸಿದ್ದರೆ, ಹೇಳಿಕೊಟ್ಟು ಕರೆತಂದ ಸಾಕ್ಷಿಗಳು ಎಂದು ನಾನೇ ಮೊದಲು ಎದ್ದು ನಿಲ್ಲುತ್ತಿದ್ದೆ.

ಇದೆಲ್ಲ ರೇಖಾಗಣಿತದ ಸಾಧನೆಯಂತಲ್ಲ ಎಂಬುದನ್ನೂ ಹುಡುಗನಿಗೆ ಹೇಳಿರಿ. ಸಿವಿಲ್ ದಾವೆಯಲ್ಲಿ ಯಾರ ಮಾತು ಹೆಚ್ಚು ಸಂಭವನೀಯ ಎಂದು ತೂಗುತ್ತೇವಲ್ಲ, ಹಾಗೆ. ಕ್ರಿಸ್ತನು ಎದ್ದು ಬರದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಎಂದು ಪೌಲನು ಅದೇ ಅಧ್ಯಾಯದಲ್ಲಿ ಹೇಳುತ್ತಾನೆ. ತನ್ನ ದಾವೆ ಎಲ್ಲಿ ಬೀಳಬಹುದು ಎಂದು ತಾನೇ ತೋರಿಸಿಕೊಡುವ ಕಕ್ಷಿದಾರನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಪೇತ್ರನ ಆ ವಚನದ ಉಳಿದರ್ಧ ನನಗೆ ತಡವಾಗಿ ತಿಳಿಯಿತು: ಉತ್ತರವನ್ನು ಸಾತ್ವಿಕತೆಯಿಂದ ಹೇಳಬೇಕು. ನನ್ನ ತಮ್ಮ ಎಂಜಿನಿಯರಿಂಗ್ ಓದುವಾಗ ನಂಬಿಕೆ ಬಿಟ್ಟ. ಮನೆಗೆ ಬಂದಾಗಲೆಲ್ಲ ಎದುರು ಕಕ್ಷಿಯಂತೆ ಅವನನ್ನು ಪ್ರಶ್ನಿಸಿದೆ. ಪ್ರತಿ ಸಲವೂ ಅವನ ಬಾಯಿ ಮುಚ್ಚಿಸಿದೆ. ಎರಡು ಕ್ರಿಸ್ಮಸ್ಸಿಗೆ ಅವನು ಊರಿಗೇ ಬರಲಿಲ್ಲ. ಹಿರಿಯರು ಸೊಕ್ಕು ಎಂದದ್ದು ಇದಕ್ಕೇ. ಒಪ್ಪುತ್ತೇನೆ.

ಇತಿಹಾಸದ ಮೇಷ್ಟ್ರು, ಬೆಳಗಾವಿ

ಉಳಿದೆರಡು ಪ್ರಶ್ನೆಗಳಿಗೆ ಚಿಕ್ಕದಾಗಿ.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು 325ರಲ್ಲಿ ನೈಸೀಯ ಪಟ್ಟಣದಲ್ಲಿ ಬಿಷಪರ ಸಭೆ ಕರೆದದ್ದು ನಿಜ. ಆದರೆ ಅಲ್ಲಿ ಮುಖ್ಯವಾಗಿ ಚರ್ಚೆಯಾದದ್ದು ಅರಿಯಸನೆಂಬ ಪಾದ್ರಿಯ ಬೋಧನೆ, ಅಂದರೆ ದೇವಕುಮಾರನು ಸೃಷ್ಟಿಯಾದವನೋ ಅಲ್ಲವೋ ಎಂಬುದು. ಪುಸ್ತಕಗಳ ಪಟ್ಟಿಯನ್ನು ಆ ಸಭೆ ತೀರ್ಮಾನಿಸಲಿಲ್ಲ. 180ರ ಸುಮಾರಿಗೇ ಬಿಷಪ್ ಐರೇನಿಯಸನು ಸುವಾರ್ತೆಗಳು ನಾಲ್ಕೇ ಎಂದು ಬರೆದಿದ್ದ. ಈಗ ನಮ್ಮ ಕೈಯಲ್ಲಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ 367ರಲ್ಲಿ ಬಿಷಪ್ ಅಥನೇಸಿಯಸನು ಬರೆದ ಪತ್ರದಲ್ಲಿ ಸಿಗುತ್ತದೆ.

ಗೆಳೆಯನ ಮಾತಿಗೆ ಆಧಾರ ಕುರಾನಿನ 4:157. ಅದನ್ನು ಗೌರವದಿಂದ ಕೇಳಿಸಿಕೊಂಡು, ಇಲ್ಲಿ ನಮಗೂ ನಿಮಗೂ ಭೇದವಿದೆ ಎಂದು ಹೇಳಬೇಕು. ಆಮೇಲೆ ಟಾಸಿಟಸನನ್ನು ನೆನೆಯಬಹುದು. ಕ್ರೈಸ್ತರನ್ನು ಕಂಡರಾಗದ ಆ ರೋಮನ್ ಇತಿಹಾಸಕಾರ 116ರ ಸುಮಾರಿಗೆ, ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತು ಎಂದು ದಾಖಲಿಸಿದ್ದಾನೆ.

ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಯೆಹೂದಿ ಇತಿಹಾಸಕಾರ ಜೋಸೆಫಸನ ಒಂದು ಭಾಗವನ್ನು ಇದ್ದ ಹಾಗೆಯೇ ಎತ್ತಿ ಹೇಳುತ್ತಾರೆ. ಅದರಲ್ಲಿ ಕೆಲವು ಮಾತುಗಳನ್ನು ಕ್ರೈಸ್ತ ಲಿಪಿಕಾರರು ಸೇರಿಸಿದ್ದಾರೆ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ನಮ್ಮ ಪರವಾಗಿದೆ ಎಂದು ಪರೀಕ್ಷಿಸದೆ ಹೇಳಿದರೆ, ಹುಡುಗನು ಅದನ್ನು ಪತ್ತೆಹಚ್ಚಿದ ದಿನ ನಮ್ಮ ಉಳಿದ ಮಾತನ್ನೂ ಬಿಡುತ್ತಾನೆ.

ನನ್ನ ಕೊರಗು ಬೇರೆಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಮೊದಲು ಕನ್ನಡ ಕಲಿತರು. ಕಿಟ್ಟೆಲರು ವರ್ಷಾನುವರ್ಷ ದುಡಿದ ನಿಘಂಟು 1894ರಲ್ಲಿ ಹೊರಬಂತು. ಆದರೆ ಇಂದು ಈ ಪ್ರಶ್ನೆಗಳಿಗೆ ಹದಿನೇಳು ವರ್ಷದ ಹುಡುಗ ಓದಬಹುದಾದ ಕನ್ನಡ ಬರಹ ಹುಡುಕಿದರೆ ನನ್ನ ಕೈಗೆ ಸಿಗುವುದು ಬಹಳ ಕಡಿಮೆ. ನಾವು ಬರೆಯಬೇಕು.

ಭಾನುವಾರ ಶಾಲೆಯ ಅಕ್ಕ, ವಿಜಯಪುರ

ಶನಿವಾರ ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗಿಬಂದೆ. ಹುಡುಗ ಶೆಡ್ಡಿನಲ್ಲಿದ್ದ, ಬಲೆಯ ಮೇಲೆ ಹರಡಿದ ದ್ರಾಕ್ಷಿ ಅರ್ಧ ಒಣಗಿತ್ತು. “ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ನಿನ್ನನ್ನು ಗದರಿಸಿದೆ, ತಪ್ಪಾಯಿತು” ಎಂದೆ. ಅವನು ತಲೆ ತಗ್ಗಿಸಿ, “ಇರಲಿ ಬಿಡಿ ಅಕ್ಕನವರೇ” ಎಂದ. ಅವನ ತಾಯಿ ಚಹಾ ತಂದುಕೊಟ್ಟರು.

ಗೆಳೆಯನೂ ಅಲ್ಲಿಗೆ ಬಂದಿದ್ದ. ಮೂವರೂ ಕುಳಿತು ಕೊರಿಂಥದವರಿಗೆ ಬರೆದ ಪತ್ರಿಕೆಯ 15ನೆಯ ಅಧ್ಯಾಯ ಓದಿದೆವು. ವಕೀಲರು ಬರೆದದ್ದನ್ನು ಹಾಳೆಯಲ್ಲಿ ಇಳಿಸಿಕೊಂಡು ಹೋಗಿದ್ದೆ, ಮೇಷ್ಟ್ರ ಎಚ್ಚರಿಕೆಯನ್ನೂ ಓದಿ ಹೇಳಿದೆ. ಗೆಳೆಯ ಒಪ್ಪಲಿಲ್ಲ. “ಐನೂರು ಮಂದಿಯ ಹೆಸರು ಎಲ್ಲಿದೆ?” ಎಂದು ಕೇಳಿದ. ಇಲ್ಲ ಎಂದೆ. ಕೇಫ ಅಂದರೆ ಪೇತ್ರ, ಯಾಕೋಬ, ಪೌಲ, ಈ ಹೆಸರುಗಳಿವೆ ಎಂದೆ. ಅವನು ಅವನ್ನು ಬರೆದುಕೊಂಡ.

ಹಿರಿಯರೇ, ನಿಮ್ಮ ತಾಯಿಯ ಸಂಗತಿಯನ್ನು ಈ ಭಾನುವಾರ ದೊಡ್ಡ ಮಕ್ಕಳಿಗೆ ಹೇಳಿದೆ. ಹುಡುಗ ಬಂದಿದ್ದ. ನೋಟ್‌ಬುಕ್ಕೂ ಬಂದಿತ್ತು. ಮತ್ತಾಯನ ಸುವಾರ್ತೆಯಲ್ಲಿ ಮರಿಯಳ ಗಂಡ ಯೋಸೇಫನ ತಂದೆ ಯಾಕೋಬ, ಲೂಕನ ಸುವಾರ್ತೆಯಲ್ಲಿ ಹೇಲೀ, ಹೀಗೇಕೆ ಎಂದು ಕೇಳಿದ್ದಾನೆ. ಮುಂದಿನ ಭಾನುವಾರ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ವಕೀಲರೇ, ಮೇಷ್ಟ್ರೇ, ಶುಕ್ರವಾರದೊಳಗೆ ಬರೆಯುತ್ತೀರಾ?