ಬ್ಲೌಸ್ ಬೆನ್ನಿಗೆ ಪಕ್ಕೆಲುಬು: ಉಬ್ಬಿಸೋದು ಹೇಗೆ?

ಪ್ರಶ್ನೆ (ಹಾಸನ):
ಹತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ, ಆರಿ ವರ್ಕ್ ಕೂಡ ಮಾಡುತ್ತೇನೆ. ನವಿಲು, ಕಮಲ, ಆನೆ ಮಾಡಿ ಮಾಡಿ ಸಾಕಾಗಿದೆ. ಕಪ್ಪು ರೇಷ್ಮೆ ಮೇಲೆ ಬೆನ್ನುಮೂಳೆ, ಪಕ್ಕೆಲುಬು ಮೂಡಿಸಬೇಕು ಅಂತ ತುಂಬಾ ಆಸೆ. ಒಂದು ಸ್ಯಾಂಪಲ್ ಮಾಡಿದೆ. ದಾರ ಚಪ್ಪಟೆಯಾಗಿ ಕೂತು ಮೀನಿನ ಮುಳ್ಳಿನ ಹಾಗೆ ಕಾಣುತ್ತಿದೆ. ಏನು ಮಾಡಲಿ?

ಉತ್ತರ (ನರ್ಸಿಂಗ್ ಓದುತ್ತಿರುವವಳು, ಚಿಕ್ಕಮಗಳೂರು):
ಅಕ್ಕಾ, ಪಕ್ಕೆಲುಬು 12 ಜೊತೆ. ಅಡ್ಡಡ್ಡ ನೇರ ಎಳೆಯಬೇಡಿ, ಬೆನ್ನಿನಿಂದ ಪಕ್ಕಕ್ಕೆ ಬರುತ್ತಾ ಕೆಳಗೆ ಇಳಿಯಬೇಕು. ಕೊನೆಯ ಎರಡು ಜೊತೆ ಗಿಡ್ಡ, ಮುಂದೆ ಎಲ್ಲಿಗೂ ಸೇರುವುದಿಲ್ಲ.

ಉತ್ತರ:
1938ರಲ್ಲಿ ಫ್ಯಾಷನ್ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ, ಚಿತ್ರಕಾರ ಸಾಲ್ವಡಾರ್ ಡಾಲಿ ಜೊತೆ ಸೇರಿ ಇದನ್ನೇ ಮಾಡಿದ್ದರು. ಕಪ್ಪು ಗೌನು, ಮೂಳೆಯೂ ಕಪ್ಪೇ. ಬೇರೆ ಬಣ್ಣವೇ ಇಲ್ಲ, ಬರೀ ಉಬ್ಬು. ಎರಡು ಪದರ ಬಟ್ಟೆ ಇಟ್ಟು ಮೂಳೆಯ ಅಂಚಿಗೆ ಹೊಲಿಗೆ ಹಾಕಿ. ಆಮೇಲೆ ಹಿಂದಿನಿಂದ ಹತ್ತಿ ತುಂಬಿ. ಆ ಗೌನು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಉತ್ತರ (ಹಾಸನ):
ಲಂಡನ್ ಯಾಕೆ, ದೊಡ್ಡಗದ್ದವಳ್ಳಿಗೆ ಹೋಗಿ ಬನ್ನಿ! ಲಕ್ಷ್ಮೀದೇವಿ ದೇವಸ್ಥಾನದ ಕಾಳಿ ಗುಡಿ ಮುಂದೆ ಎರಡು ಬೇತಾಳ ನಿಂತಿವೆ. ಕಲ್ಲಲ್ಲಿ ಪಕ್ಕೆಲುಬು ಎದ್ದು ಕಾಣುತ್ತವೆ.

ಕೇಳಿದವಳು:
ಭಾನುವಾರ ಹೋಗಿದ್ದೆ. ಬಾಗಿಲ ಹತ್ತಿರ ತುಂಬಾ ಹೊತ್ತು ನಿಂತೆ. ಎಲುಬಿಗಿಂತ ನಡುವಿನ ತಗ್ಗು ಜಾಸ್ತಿ ಕೆಲಸ ಮಾಡುತ್ತದೆ, ನೆರಳು ಅಲ್ಲೇ ಬೀಳೋದು ಅಲ್ವಾ! ಮನೆಗೆ ಬಂದು ಕ್ರೋಶಾ ಕಡ್ಡಿಯಿಂದ ಹತ್ತಿ ತುಂಬಿದೆ. ಎಡಗಡೆ ಐದು ಎಲುಬು ಆಗಿದೆ. ಬಟ್ಟೆ ಮೇಲೆ ಕೈಯಾಡಿಸಿದರೆ ಒಂದೊಂದೂ ಬೆರಳಿಗೆ ಸಿಗುತ್ತದೆ.